ನೆಲ ನೋಡುವ ಕಣ್ಣು

ತ್ರಿವಿಕ್ರಮ ಶಾಸ್ತ್ರಿಗಳ ಮಗಳು ವೇದಾವತಿಗೆ ಎಡಗಣ್ಣು ಇರಲಿಲ್ಲ. ಅವಳು ಚಿಕ್ಕವಳಿದ್ದಾಗ ಬೀದಿಯಲ್ಲಿ ಯಾರೋ ಹೊಡೆದ ಚಿನ್ನಿ ಬಂದು ಬಡಿದು, ಆಸ್ಪತ್ರೆಯಲ್ಲಿ ಕಣ್ಣನ್ನೇ ತೆಗೆದುಹಾಕಿದ್ದರು. ಆಮೇಲೆ ಆ ಹುಡುಗಿ ಎಲ್ಲಿ ಹೋದರೂ ಎಡಗಡೆ ಗೋಡೆ ಇರುವ ಜಾಗ ಹುಡುಕಿ ಕೂರುವುದನ್ನು ಕಲಿತಳು. ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಸಂಸ್ಕೃತದ ಮೇಷ್ಟ್ರಾಗಿದ್ದ ಶಾಸ್ತ್ರಿಗಳು ಬಹಳ ವರ್ಷ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಂಡದ್ದು ಹೆಣ್ಣು ನೋಡಲು ಬಂದ ಗಂಡೊಬ್ಬ ಉಪ್ಪಿಟ್ಟಿನ ತಟ್ಟೆ ಮುಟ್ಟದೆ ಎದ್ದುಹೋದ ಮೇಲೆ. ಮಗಳ ಅಳುವಿಗಿಂತ ಆ ಉಪ್ಪಿಟ್ಟು ಅವರನ್ನು ಹೆಚ್ಚು ಚುಚ್ಚಿತು. ಇಂಥವರನ್ನು ದೊಡ್ಡ ಮನುಷ್ಯರು ಎಂದು ಕರೆಯುವ ಊರು ನಮ್ಮದು.

ಅರವತ್ತೊಂದನೇ ಇಸವಿಯ ಬೇಸಿಗೆ. ಗಾಂಧಿ ಬಜಾರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ನಸರುಲ್ಲಾ ಮದರಾಸಿಗೆ ಹೋಗಿ ಕೃತಕ ಕಣ್ಣು ಮಾಡುವುದನ್ನು ಕಲಿತು ಬಂದಿದ್ದ. ಕಲಿತದ್ದಕ್ಕಿಂತ ಅದರ ಜಂಬವೇ ಒಂದು ತೂಕ ಜಾಸ್ತಿ. ಶಾಸ್ತ್ರಿಗಳು ಮಗಳನ್ನು ಕರೆದುಕೊಂಡು ಹೋದಾಗ ಹತ್ತಿಯಲ್ಲಿ ಸುತ್ತಿಟ್ಟ ಕಣ್ಣುಗಳನ್ನು ಬಳೆಗಾರನ ಹಾಗೆ ಮುಂದೆ ಹರಡಿದ.

"ಇವು ಗಾಜಿನವು, ಸ್ವಾಮಿ. ಕೈ ಜಾರಿದ್ರೆ ಚೂರು. ಇದು ಪ್ಲಾಸ್ಟಿಕ್ಕು, ಬಾಳಿಕೆ ಬರುತ್ತೆ. ಸಿದ್ಧ ಇರೋದನ್ನ ಹಾಕ್ಬೋದು, ಆದ್ರೆ ನೋಡಿದವರಿಗೆ ಗೊತ್ತಾಗುತ್ತೆ. ಅಳತೆ ತಗೊಂಡು ಮಾಡಿದ್ರೆ ಹೆತ್ತವರಿಗೂ ಗೊತ್ತಾಗಲ್ಲ. ಸ್ವಲ್ಪ ಅಲ್ಲಾಡುತ್ತೆ, ಪೂರ್ತಿ ಅಲ್ಲ. ಕಾಣಿಸೋದಂತೂ ಇಲ್ಲ."

ಅಳತೆಯದೇ ಆಗಲಿ ಎಂದರು ಶಾಸ್ತ್ರಿಗಳು. ನಸರುಲ್ಲಾ ಮೇಣದಲ್ಲಿ ಅಚ್ಚು ಮಾಡಿ ವೇದಾವತಿಯ ಕಣ್ಣಿನ ಗೂಡಿಗೆ ಕೂರಿಸಿದ. ಕರಿಗುಡ್ಡೆ ಎಲ್ಲಿ ಬರಬೇಕೆಂದು ಆ ಮೇಣದ ಮೇಲೆ ಗುರುತು ಹಾಕಬೇಕಿತ್ತು. ಎದುರು ಗೋಡೆಯ ಕ್ಯಾಲೆಂಡರನ್ನು ನೇರವಾಗಿ ನೋಡಿ ಎಂದ. ಅವಳು ನೋಡಿದಳು.

"ನೇರ ಯಾಕೆ?" ಎಂದರು ಶಾಸ್ತ್ರಿಗಳು. "ನೆಲ ನೋಡೋ ಹಾಗೆ ಮಾಡಿ, ಸಾಹೇಬ್ರೆ."

ನಸರುಲ್ಲಾನಿಗೆ ಅರ್ಥವಾಗಲಿಲ್ಲ.

"ಹೆಣ್ಣು ನೋಡೋಕೆ ಬರ್ತಾರೆ. ಇವಳು ಕಣ್ಣು ತಗ್ಗಿಸಿ ಕೂತಿರ್ತಾಳೆ. ಆಗ ಒಂದು ಕಣ್ಣು ನೆಲ ನೋಡ್ತಾ, ಇನ್ನೊಂದು ಗಂಡಿನ ಮುಖಾನೇ ದಿಟ್ಟಿಸ್ತಿದ್ರೆ ನಮ್ಮ ಮಾನ ಉಳಿಯುತ್ತಾ?"

"ನೋಡೋ ಶಾಸ್ತ್ರ ಅರ್ಧ ಗಂಟೆದು, ಶಾಸ್ತ್ರಿಗಳೇ. ಕಣ್ಣು ವರ್ಷಗಟ್ಟಲೆ ಇರುತ್ತೆ. ಆಮೇಲೆ ಇವರು ತಲೆ ಎತ್ತಿದಾಗೆಲ್ಲ ಒಂದು ಮೇಲೆ, ಒಂದು ಕೆಳಗೆ."

"ಮದುವೆಯಾದ ಹೆಣ್ಣು ತಲೆ ಯಾಕೆ ಎತ್ತುತ್ತೆ?"

ವೇದಾವತಿ ಅಪ್ಪನಿಗೆ ಎದುರಾಡಿದವಳಲ್ಲ. ಅವತ್ತು ಆಡಿದಳು. "ನೇರಕ್ಕೇ ಇರ್ಲಿ, ಅಪ್ಪಯ್ಯ. ಕನ್ನಡಿ ಮುಂದೆ ನಿಂತು ಎರಡೂ ಕಣ್ಣು ಒಂದೇ ಸಮ ಇರೋದನ್ನ ನೋಡ್ಕೋಬೇಕು ನಾನು. ನಂಗೆ ಅಷ್ಟೇ ಬೇಕಾಗಿರೋದು."

"ಕನ್ನಡಿ ನಿನ್ನ ಮದುವೆ ಆಗುತ್ತೇನೆ?" ಎಂದರು ಶಾಸ್ತ್ರಿಗಳು.

ಹಾಗೆ ಮಾಡಿಕೊಡೋಕಾಗಲ್ಲ ಎನ್ನಲು ನಸರುಲ್ಲಾನಿಗೆ ಬಾಯಿ ಇತ್ತು. ಆದರೆ ಗಿರಾಕಿ ಗಿರಾಕಿಯೇ. ಅವಳಿಗೆ ನೆಲ ನೋಡಲು ಹೇಳಿ, ಮೇಣದ ಕೆಳಭಾಗದಲ್ಲಿ ಗುರುತು ಹಾಕಿದ. ಬಣ್ಣವನ್ನಂತೂ ತದ್ರೂಪು ಹಚ್ಚಿದ. ಬಿಳಿಯಲ್ಲಿ ಕೆಂಪು ನರಗಳನ್ನೂ ಬಿಡಿಸಿದ.

ಭದ್ರಾವತಿಯಿಂದ ಹೊಸ ಸಂಬಂಧ ಬಂತು. ಹುಡುಗ ಶಿವರಾಮ, ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತ. ಅವನ ತಾಯಿ ಸರಸ್ವತಮ್ಮ ಚಾಪೆಯ ಮೇಲೆ ಕೂತು, ಕಾಫಿ ತಂದ ಹುಡುಗಿಯನ್ನು ಕಣ್ಣು ಕೀಳದೆ ನೋಡಿದರು. ವೇದಾವತಿಯ ಎರಡು ಕಣ್ಣೂ ಒಟ್ಟಿಗೆ ನೆಲ ನೋಡುತ್ತಿದ್ದವು.

"ಈಗಿನ ಹುಡುಗೀರು ಬಂದವರನ್ನ ಚಪ್ಪಲಿಯಿಂದ ಹಿಡಿದು ಜುಟ್ಟಿನವರೆಗೂ ಅಳೀತಾರೆ" ಎಂದರು ಸರಸ್ವತಮ್ಮ. "ಇವಳು ನೋಡಿ, ರೆಪ್ಪೇನೇ ಎತ್ತಲ್ಲ."

ಶಾಸ್ತ್ರಿಗಳು ಉಬ್ಬಿಹೋದರು. ಕಣ್ಣಿನ ವಿಚಾರ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಸುಳ್ಳಾಡಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಆ ಪುಣ್ಯಾತ್ಮರು ಗಡದ್ದಾಗಿ ಊಟ ಮಾಡಿ ಮಲಗಿದರು. ಹೋಮದ ಹೊಗೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರುವಾಗ ಮದುವೆಯೂ ಮುಗಿಯಿತು.

ಭದ್ರಾವತಿಗೆ ಬಂದ ಕೆಲವೇ ದಿನಕ್ಕೆ ಗುಟ್ಟು ರಟ್ಟಾಯಿತು. ಶಿವರಾಮ ಹೆಂಡತಿಯನ್ನು ಕರೆದ, ಅವಳು ತಲೆ ಎತ್ತಿದಳು. ಒಂದು ಕಣ್ಣು ಅವನನ್ನು ನೋಡಿತು, ಇನ್ನೊಂದು ಅವನ ಪಾದ ನೋಡುತ್ತಲೇ ಇತ್ತು. ಅವನು ಹೆದರಿ ಅಮ್ಮನನ್ನು ಕೂಗಿದ. ಸರಸ್ವತಮ್ಮ ಸೊಸೆಯ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ರೆಪ್ಪೆ ಎತ್ತಿ, ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವರ ಹಾಗೆ ನೋಡಿದರು. ಕೂಗಾಡಲಿಲ್ಲ. ತೌರಿಗೆ ಅಟ್ಟಿದರೆ ಕಾರ್ಖಾನೆಯ ಕ್ವಾರ್ಟರ್ಸಿನ ತುಂಬ ಸುದ್ದಿಯಾಗುತ್ತಿತ್ತು, ಮೋಸಹೋದವರೆಂಬ ಹೆಸರು ಅವರಿಗೇ ಬರುತ್ತಿತ್ತು.

ವೇದಾವತಿ ಬಡಿಸಿದಳು, ಒಗೆದಳು, ನೀರು ಸೇದಿದಳು. ಆದರೆ ಇದ್ದ ಒಂದು ಕಣ್ಣು ಚುರುಕಾಗಿತ್ತು. ಗಂಡ ತಡವಾಗಿ ಬಂದರೆ ಅದು ಬಾಗಿಲ ಕಡೆ ಏಳುತ್ತಿತ್ತು. ಅತ್ತೆ ತನ್ನ ತಟ್ಟೆಗೆ ತಂಗಳು ಹಾಕಿದರೆ ಅತ್ತೆಯ ಮುಖದ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಆ ನೋಟವನ್ನೇ ಅವರಿಗೆ ತಡೆಯಲಾಗಲಿಲ್ಲ.

"ಅವಳು ನೋಡ್ತಾಳಮ್ಮ" ಎಂದ ಶಿವರಾಮ. "ಊಟ ಗಂಟಲಲ್ಲಿ ಇಳಿಯಲ್ಲ."

ಒಂದು ಬೆಳಿಗ್ಗೆ ಸರಸ್ವತಮ್ಮ, "ಸೀರೆ ಉಟ್ಕೋ ವೇದಾ. ಶಿವಮೊಗ್ಗಕ್ಕೆ ಹೋಗಿ ಆ ಕಣ್ಣು ಮಾಡಿದವನನ್ನ ನೋಡಿ ಬರೋಣ" ಎಂದರು.

ವೇದಾವತಿ ಎದ್ದು ಪೆಟ್ಟಿಗೆ ತೆಗೆದಳು. ಅತ್ತೆಗೆ ಕೊನೆಗೂ ಕನಿಕರ ಹುಟ್ಟಿತು, ಕಣ್ಣನ್ನು ನೇರಕ್ಕೆ ಮಾಡಿಸಿಕೊಡುತ್ತಾರೆ ಎಂದುಕೊಂಡಳು. ಮದುವೆಯ ಸೀರೆ ಉಟ್ಟಳು. ಬಸ್ಸಿನಲ್ಲಿ ಅತ್ತೆಯ ಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದು ಸಲವೂ ಬೇರೆಯವರ ಕೈಗೆ ಕೊಡಲಿಲ್ಲ. ಎಂಥ ಪೆದ್ದು ಹುಡುಗಿ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅವರನ್ನು ಕಂಡದ್ದೇ ನಸರುಲ್ಲಾ ಎದ್ದು ನಿಂತ. ಬೈಗುಳ ಬೀಳುವ ಮುಂಚೆ ತಾನೇ ಶುರುಮಾಡಿದ. "ನಾನು ಅವತ್ತೇ ಹೇಳಿದ್ದೆ ಅಮ್ಮ, ಶಾಸ್ತ್ರಿಗಳು ಕೇಳಲಿಲ್ಲ. ಬೇರೆ ಅಚ್ಚು ತೆಗೆದು ನೇರಕ್ಕೆ ಮಾಡಿಕೊಡ್ತೀನಿ."

ವೇದಾವತಿ ಆಗಲೇ ಕುರ್ಚಿಯಲ್ಲಿ ಕೂತು ಮುಖದಿಂದ ಸೆರಗು ಸರಿಸಿಕೊಂಡಿದ್ದಳು.

"ಅದರ ತಂಟೆಗೆ ಹೋಗ್ಬೇಡಿ" ಎಂದರು ಸರಸ್ವತಮ್ಮ. "ಅದು ಮರ್ಯಾದೆಯಾಗಿದೆ. ಒಂದು ದಿನಾನೂ ನನ್ನನ್ನ ಎದುರಿಸಿ ನೋಡಿಲ್ಲ. ಇನ್ನೊಂದಿದೆಯಲ್ಲ, ಅದಕ್ಕೆ ಏನಾದ್ರೂ ಮಾಡಿ."

ನಸರುಲ್ಲಾ ತಮಾಷೆ ಎಂದುಕೊಂಡು ನಕ್ಕ. ಸರಸ್ವತಮ್ಮ ನಗಲಿಲ್ಲ. ಬಿಸಿಲಿಗೆ ಹಾಕುವ ಕಪ್ಪು ಕನ್ನಡಕಗಳ ಪೆಟ್ಟಿಗೆಯನ್ನು ತಾವೇ ಎಳೆದುಕೊಂಡರು. ಒಂದೊಂದೇ ಗಾಜನ್ನು ಬೀದಿಯ ಬೆಳಕಿಗೆ ಹಿಡಿದು, ಸೀರೆಯ ಬಣ್ಣ ಆರಿಸುವಷ್ಟು ನಿಧಾನವಾಗಿ ನೋಡಿದರು.

"ಎಡಗಡೆ ಸಾದಾ ಗಾಜು ಹಾಕಿ, ಬಲಗಡೆ ಕಪ್ಪು. ಇದಕ್ಕಿಂತ ಕಪ್ಪು ಇದ್ಯಾ?"

"ಇರೋದೇನೋ ಇದೆ. ಅದನ್ನ ಹಾಕಿದ್ರೆ ಮನೆ ಒಳಗೆ ಅವರಿಗೆ ಏನೂ ಕಾಣಲ್ಲಮ್ಮ."

"ಅತ್ತೆ" ಎಂದಳು ವೇದಾವತಿ. "ನನಗೆ ಕಾಣೋದು ಅದೊಂದರಲ್ಲೇ."

ಸರಸ್ವತಮ್ಮ ಸೊಸೆಯ ಜಾರಿದ ಸೆರಗನ್ನು ಹೆಗಲ ಮೇಲೆ ಸರಿಯಾಗಿ ಹೊದಿಸಿದರು. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಒಲೆ ಎಲ್ಲಿದೆ, ಬಾವಿ ಎಲ್ಲಿದೆ ಅಂತ ಇಷ್ಟು ದಿನಕ್ಕೆ ಗೊತ್ತಾಗಿದೆಯಲ್ಲ ಮಾರಾಯ್ತಿ. ಇನ್ನು ನೋಡೋದಕ್ಕೆ ಏನಿದೆ?"

ನಸರುಲ್ಲಾ ಒಳಗಿನಿಂದ ಅತಿ ಕಪ್ಪು ಗಾಜನ್ನು ತಂದು, ಚೌಕಟ್ಟಿನ ಬಲಗಡೆ ಹಿಡಿದು, ಕತ್ತರಿಸಲು ಗುರುತು ಹಾಕಿಕೊಂಡ.