ಸೇಫ್ ಎಂದ ಬಾಯಿ

ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ. ಈ ಇಂಗ್ಲಿಷರ ನಾಡಿನಲ್ಲಿ ವಾರವೆಲ್ಲ ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ ದುಡಿದು, ಭಾನುವಾರ ಎಜ್‌ವೇರ್ ಆಚೆಯ ನಮ್ಮ ಪುಟ್ಟ ಕ್ಲಬ್ಬಿನಲ್ಲಿ ರೈಫಲ್ ಮ್ಯಾಚ್ ನಡೆಸುವವನು ನಾನು, ಅಡಿವೆಪ್ಪ. ದುರ್ಬೀನಿಲ್ಲದ ಹಳೇ ಮಾದರಿಯ ರೈಫಲ್. ದೂರದಲ್ಲಿ ಸಾಲಾಗಿ ನಿಂತ ಉಕ್ಕಿನ ಕೋಳಿ, ಹಂದಿ, ಟಗರು. ಗುಂಡು ತಗಲಿದರೆ ಠಣ್ಣೆಂದು ಬೀಳಬೇಕು. ಬಿದ್ದವನ್ನು ಎತ್ತಿ ನಿಲ್ಲಿಸಲು ಯಾರಾದರೂ ಮುಂದೆ ನಡೆಯಬೇಕಲ್ಲ? ಅದಕ್ಕೇ ಕಟ್ಟುನಿಟ್ಟು. ಪ್ರತಿ ರೈಫಲ್ ಖಾಲಿ ಮಾಡಿ, ಗುಂಡು ಕೂರುವ ಜಾಗಕ್ಕೆ ಹಳದಿ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿ, ಮೇಜಿನ ಮೇಲಿಟ್ಟು ಹಿಂದೆ ಸರಿಯಬೇಕು. ಎಲ್ಲ ಹಳದಿಯನ್ನೂ ಕಣ್ಣಾರೆ ನೋಡಿ ನಾನು ‘ಸೇಫ್’ ಅನ್ನಬೇಕು.

ಅಂದು ಖಂಡೇನವಮಿ. ಬೆಳಿಗ್ಗೆಯೇ ರೈಫಲ್‌ಗಳಿಗೆ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಪೂಜೆ ಮಾಡಿದ್ದೆವು. ಮ್ಯಾಚಿಗೆ ಮೊದಲು ಹೂ ತೆಗೆಸಬೇಕಿತ್ತು.

“ಏರಿಸಿದ ಹೂ ಹಬ್ಬದ ದಿನ ಕೀಳಬಾರ್ದೋ ತಮ್ಮಾ” ಎಂದರು ನಾಗಲಿಂಗಪ್ಪ ಕಾಕಾ, ವಿಜಯಪುರದ ಕಡೆಯ ಎಪ್ಪತ್ತರ ಹಿರಿಯರು. ಉಳಿದವರ ಮೇಲೆ ಹರಿಹಾಯುವ ನಾನು ಅವರ ಮುಂದೆ ಹೂಂಗುಟ್ಟಿದೆ.

ಟಗರಿನ ಸುತ್ತು ಮುಗಿಯಿತು. ಮೇಜಿನ ಸಾಲು ನೋಡಿದೆ. ಹಳದಿ, ಹಳದಿ, ಹಳದಿ, ಹಳದಿ.

“ಸೇಫ್! ಹೋಗು ಗುರುದೇವಿ” ಎಂದೆ.

ನನ್ನ ಹೆಂಡತಿ ಸದ್ದು ತಡೆಯಲು ಕಿವಿಗೆ ಹಾಕಿದ್ದ ದಪ್ಪ ಮಫ್ ತೆಗೆಯದೇ ನಡೆದಳು. ಅವಳು ಕಡೆಯ ಟಗರು ನಿಲ್ಲಿಸುವಾಗ ಗಾಳಿ ಬೀಸಿ ಕಾಕಾನ ರೈಫಲ್ಲಿನ ಹಳದಿ ಉದುರಿತು. ಅದು ಕಡ್ಡಿಯಲ್ಲ, ಹೂ. ಅದರಡಿ ಕಡ್ಡಿಯೇ ಇರಲಿಲ್ಲ. ಕಾಕಾ ಕೊನೆಯ ಗುಂಡು ಹೊಡೆಯುವ ಮೊದಲೇ ಸಮಯ ಮುಗಿಯಿತೆಂದು ನಾನು ಸೀಟಿ ಊದಿದ್ದೆ. ಆ ಗುಂಡು ಒಳಗೇ ಇತ್ತು.

ಏರಿಸಿದ ಹೂ ಬಿತ್ತಲ್ಲ ಎಂಬ ಕಳವಳಕ್ಕೆ ಕಾಕಾ ಆಗಲೇ ಅದನ್ನೆತ್ತಿ, ಕಣ್ಣಿಗೊತ್ತಿಕೊಂಡು, ರೈಫಲ್ಲಿಗೆ ಮರಳಿ ಸಿಕ್ಕಿಸಲು ಬಗ್ಗಿದ್ದರು. ಅವರ ಬೆರಳು ಟ್ರಿಗರ್ ಸುತ್ತಲೇ ತಡಕಾಡುತ್ತಿತ್ತು. ಜೋರಾಗಿ ಕೂಗಿದರೆ ಬೆಚ್ಚಿ ಒತ್ತಿಬಿಡುತ್ತಾರೆ. ಅವಳನ್ನು ಕೂಗೋಣವೆಂದರೆ ಅವಳಿಗೆ ಕೇಳದು. ಅಯ್ಯೋ ಶಿವನೇ, ನನಗೂ ಅವರಿಗೂ ನಡುವೆ ಆರೇ ಹೆಜ್ಜೆ!

“ಕಾಕಾ, ಕೈ ತಗೀರಿ… ಮೆಲ್ಲಕ ತಗೀರಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ತಡಿಯೋ, ಹೂ ಒಂದು…”

ನನ್ನ ಕೈ ರೈಫಲ್ಲಿನ ನಳಿಗೆಯನ್ನು ಮುಟ್ಟುವ ಮೊದಲೇ ಗುಂಡು ಹಾರಿತು.

ಠಣ್!

ಅವಳ ಮಗ್ಗುಲಲ್ಲಿದ್ದ ಟಗರು ಉರುಳಿತು. ಅವಳು ನಿಂತೇ ಇದ್ದಳು. ನಾನು ಹುಲ್ಲಿನ ಮೇಲೆ ಕುಸಿದು ಗೊಳೋ ಎಂದು ಅತ್ತೆ. ಕಾಕಾ ಹೂ ಕೈಬಿಟ್ಟು ಮೇಜಿನಿಂದ ಹಿಂದೆ ಸರಿದರು.

ಗುರುದೇವಿ ವಾಪಸು ಬಂದು ಮಫ್ ಇಳಿಸಿದಳು. “ಕಡೀ ಟಗರು ನಿಲ್ಲವಲ್ದು ನೋಡ್ರಿ, ನಾನ ಸರಿ ಇಟ್ಟಿಲ್ಲ. ಮತ್ತ ಇಟ್ಟು ಬರ್ತೀನಿ. ಹೋಗ್ಲೇನು? ಅಯ್ಯ, ಯಾಕ ಅಳಾಕತ್ತೀರಿ?”

ಮೇಜಿನ ಮೇಲಿನ ರೈಫಲ್‌ಗಳತ್ತ ಅವಳು ಕಣ್ಣೆತ್ತಿಯೂ ನೋಡಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದಳು.

“ಬ್ಯಾಡ” ಎಂದೆ. “ಗುಂಡು ಹಾರೇತಿ, ಗುರುದೇವಿ. ನಾ ಹೋಗಂದೆ, ನೀ ಹೋದಿ. ಇನ್ನ ಮ್ಯಾಲೆ ನನ್ನ ಮಾತು ನಂಬಿ ಒಂದು ಹೆಜ್ಜೀನೂ ಇಡಬ್ಯಾಡ.”