ಫ್ಯಾನಿಗೆ ಮಂಗಳಾರತಿ

“ಮಂಗಳಾರತಿ ವೊತ್ನಾಗೆ ಕೆಮ್ಮುದ್ರೆ ನಾಲಿಗೆ ಕಿತ್ಬುಡ್ತೀನಿ, ಮುಂಡೆ! ನಾಳೆಯಿಂದ ಗೇಟೊಳಿಕ್ಕೆ ಕಾಲಿಡಂಗಿಲ್ಲ!”

ವೆಂಕಟರಮಣಪ್ಪ ಹೊಸ ಪಂಚೆಯ ಚುಂಗು ಎತ್ತಿ ಹಿಡಿದು ಗದರಿದ. ಪಿಳ್ಳಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಪೀಣ್ಯದ ಈ ಜಾಗದಲ್ಲಿ ಅವನ ರಾಗಿ ಹೊಲವಿದ್ದಾಗಲೂ ಅವಳು ಅವನ ಕೂಲಿಯೇ, ಕಬ್ಬಿಣ ಕರಗಿಸುವ ಫೌಂಡ್ರಿ ಎದ್ದ ಮೇಲೂ ಅವನ ಕೂಲಿಯೇ. ಆಗ ರಾಗಿ ಕೇರುತ್ತಿದ್ದವಳು ಈಗ ಅಚ್ಚಿನ ಕರಿಮಣ್ಣು ಜರಡಿ ಹಿಡಿಯುತ್ತಿದ್ದಳು. ಹೊಸದಾಗಿ ಬಂದದ್ದು ಈ ಹಾಳು ಕೆಮ್ಮೊಂದೇ. ಗಂಡನಿಲ್ಲದ ಹೆಂಗಸು, ಈ ಕೂಲಿ ಹೋದರೆ ರಾಜಗೋಪಾಲನಗರದ ಗೂಡಿನಂಥ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ.

ಕೆಮ್ಮಿಗೆಂದು ಫ್ಯಾಕ್ಟರಿ ಡಾಕ್ಟರನ ಹತ್ತಿರ ಹೋಗಿದ್ದಳು. ಆ ಪುಣ್ಯಾತ್ಮ ಮೂಗಿಗೆ ಕರ್ಚೀಫು ಹಿಡಿದುಕೊಂಡೇ, “ಬೀಡಿ ಬಿಡಬೇಕು,” ಎಂದಿದ್ದ.

“ನಾನು ಬೀಡಿ ಸೇದಾಕಿಲ್ಲ ಸಾ.”

“ಸೇದ್ದೇ ಇದ್ರೆ ಇಷ್ಟು ಕರೀ ಕಫ ಎಲ್ಲಿಂದ ಬರತ್ತೆ? ಸುಳ್ಳು ಹೇಳ್ಬೇಡ. ಬೀಡಿ ಬಿಡು, ವಾಸಿಯಾಗತ್ತೆ.”

ಸೇದದ ಬೀಡಿಯನ್ನು ಬಿಡುವುದು ಹೇಗೆಂದು ತಿಳಿಯದೆ ಅವಳು ಎಲೆಅಡಿಕೆ ಬಿಟ್ಟಳು. ಕೆಮ್ಮು ಅವಳನ್ನು ಬಿಡಲಿಲ್ಲ.

ಇವತ್ತು ಆಯುಧಪೂಜೆ. ಆ ಡಾಕ್ಟರನೂ ಬಂದು ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕುಲುಮೆಗೆ, ಜರಡಿಗೆ, ಹೊರಗೆ ನಿಂತ ಅಂಬಾಸಿಡರ್ ಕಾರಿಗೆ ಅರಿಸಿನ ಕುಂಕುಮ ಆಗಿತ್ತು. ಎಲ್ಲಕ್ಕಿಂತ ದೊಡ್ಡ ಹಾರ ಬಿದ್ದದ್ದು ಗೋಡೆಯ ಫ್ಯಾನಿಗೆ. ಹೊಗೆ, ದೂಳು ಹೊರಗೆಳೆಯಲೆಂದು ಕೂರಿಸಿದ ಆಳೆತ್ತರದ ಫ್ಯಾನು. ಸರ್ಕಾರದವರು ಬಂದಾಗ ತೋರಿಸಿದ್ದುಂಟೇ ಹೊರತು ಒಂದು ಸುತ್ತೂ ತಿರುಗಿಸಿದ್ದಿಲ್ಲ. “ಸುಮ್ಕೆ ಕರೆಂಟು ಯಾಕೆ ದಂಡ?” ಎನ್ನುತ್ತಿದ್ದ ವೆಂಕಟರಮಣಪ್ಪ, ವರ್ಷವರ್ಷವೂ ಅದಕ್ಕೆ ಬೆಳ್ಳಿ ತಟ್ಟೆಯಲ್ಲೇ ಆರತಿ ಎತ್ತಿಸುತ್ತಿದ್ದ.

ಭಟ್ಟ ಕೆಂಡಕ್ಕೆ ಸಾಂಬ್ರಾಣಿ ಸುರಿದ. ಹೊಗೆ ಗಪ್ಪನೆ ಎದ್ದಿತು. ಪಿಳ್ಳಮ್ಮನ ಎದೆ ಕಿವುಚಿದಂತಾಯಿತು. ತಡೆದಳು, ತಡೆದಳು, ಎಷ್ಟೂಂತ ತಡೆದಾಳು ಪಾಪ! ಗಂಟೆಯ ಸದ್ದನ್ನೂ ಮೀರಿ ಕೆಮ್ಮು ಸಿಡಿಯಿತು. ಸೆರಗಿನ ತುಂಬ ಕರಿ ಕಫ.

“ಥೂ, ಅಪಶಕುನ! ಎಳ್ದಾಕ್ರೋ ಇವಳ್ನ ಆಚೆಗೆ!”

ಆಳುಗಳು ಯಾರೂ ಅಲುಗಲಿಲ್ಲ. ಅವರೂ ಬಾಯಿ ಬಿಗಿಹಿಡಿದು ತಂತಮ್ಮ ಕೆಮ್ಮು ನುಂಗುತ್ತಿದ್ದರು.

ಹೋಗುವ ಕೆಲಸ ಹೇಗೂ ಹೋಯಿತು. ಪಿಳ್ಳಮ್ಮ ಬಾಯಿ ಒರೆಸಿಕೊಂಡಳು. “ವೋಯ್ತೀನಿ ಗೌಡ್ರೇ. ಇಷ್ಟು ವರ್ಸ ಕೈ ಮುಗ್ದಿವ್ನಿ, ಈ ದ್ಯಾವ್ರು ಒಂದ್ಕಿತ ಉಸಿರಾಡಾದು ನೋಡ್ಬುಟ್ಟು ವೋಯ್ತೀನಿ,” ಎಂದವಳೇ ಕುಂಕುಮ ಹಚ್ಚಿದ ಫ್ಯಾನಿನ ಸ್ವಿಚ್ಚಿನ ಹಿಡಿಯನ್ನು ಎತ್ತಿಬಿಟ್ಟಳು.

ಯಾರೂ ಓಡಿಸಿ ನೋಡದ ಆ ಫ್ಯಾನನ್ನು ಹಿಂದುಮುಂದಾಗಿ ಕೂರಿಸಿದ್ದರೆಂದು ಆಗ ಗೊತ್ತಾಯಿತು. ಹಿಂದಿನ ಕೊಳವೆಯಲ್ಲಿ ವರ್ಷಗಳಿಂದ ಕೂತಿದ್ದ ಮಸಿಯನ್ನೆಲ್ಲ ಅದು ಒಳಕ್ಕೇ ಉಗಿಯಿತು. ಹಾರ ಚಿಂದಿಯಾಯಿತು. ಆರತಿ ನಂದಿತು. ಹೊಸ ಪಂಚೆ, ಭಟ್ಟನ ಮಡಿ, ಮುಂದಿನ ಕುರ್ಚಿಯಲ್ಲಿದ್ದ ಡಾಕ್ಟರನ ಬಿಳಿ ಸಫಾರಿ ಎಲ್ಲ ಒಂದೇ ಬಣ್ಣಕ್ಕೆ ತಿರುಗಿದವು.

ಮೂವರೂ ಪಕ್ಕೆ ಹಿಡಿದುಕೊಂಡು ಕೆಮ್ಮತೊಡಗಿದರು. ಆಳುಗಳೂ ನುಂಗಿದ್ದನ್ನೆಲ್ಲ ಬಾಯಿಬಿಟ್ಟು ಕೆಮ್ಮಿದರು.

“ಆಫ್... ಆಫ್ ಮಾಡೇ...” ವೆಂಕಟರಮಣಪ್ಪ ನೆಲಕ್ಕೆ ಕುಕ್ಕರಿಸಿದ. ಡಾಕ್ಟರ ಕರ್ಚೀಫಿಗೆ ಉಗಿದು, ಅದರ ಬಣ್ಣ ಕಂಡು ಹೌಹಾರಿದ.

ಪಿಳ್ಳಮ್ಮ ಸ್ವಿಚ್ಚಿಗೆ ಬೆನ್ನು ಕೊಟ್ಟು ಗಟ್ಟಿಯಾಗಿ ನಿಂತಳು. ಅವಳಿಗೂ ಕೆಮ್ಮು ಉಕ್ಕುತ್ತಿತ್ತು, ಜೊತೆಗೆ ನಗುವೂ.

“ಬೀಡಿ ಬುಡಿ ಡಾಕ್ಟ್ರೇ,” ಎಂದಳು. “ವಾಸಿಯಾಯ್ತದೆ.”