ಹೆಚ್ಚಾತು

ಶಂಕ್ರೆವ್ವನಿಗೆ ರೊಟ್ಟಿ ಬಡಿಯುವ ಕೈ ಇರಲಿಲ್ಲ. ಬಲಗೈ ಇತ್ತು, ಅದಕ್ಕೆ ಅಂಗೈ ಇತ್ತು, ಹೆಬ್ಬೆರಳೂ ಇತ್ತು. ಅದರಾಚೆ ಡಾಕ್ಟರು ಎಳೆದು ಹೊಲಿದ ಚರ್ಮ, ಅಷ್ಟೇ.

ಆದರೂ ಬೆಳಗಾದರೆ ಒಲೆಯ ಮುಂದೆ ಕೂತು ಎಡಗೈಯಲ್ಲಿ ಬಡಿಯುತ್ತಿದ್ದಳು. ಬಲಗೈ ಬಡಿಯಬೇಕು, ಎಡಗೈ ತಿರುಗಿಸಬೇಕು. ಹುಟ್ಟಿನಿಂದ ಬಂದ ರೂಢಿಯನ್ನು ಅದಲು ಬದಲು ಮಾಡಿದರೆ ರೊಟ್ಟಿಗೂ ದಿಕ್ಕು ತಪ್ಪುತ್ತದೆ. ಒಂದು ಕಡೆ ಕಾಗದದ ಹಾಗೆ ತೆಳ್ಳಗೆ, ಇನ್ನೊಂದು ಕಡೆ ಎಮ್ಮೆಯ ಕಿವಿಯ ಹಾಗೆ ದಪ್ಪಗೆ. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಇವತ್ತೂ ನಡುವೆ ಹರಿಯಿತು.

"ಅತ್ತಿ, ಬಿಡ್ರಿ, ನಾ ಬಡೀತೇನಿ," ಎಂದಳು ಸೊಸೆ ಸುವರ್ಣಾ.

"ನೀನಾ ಬಡದ್ರ ನನ್ನ ಕೈಗಿ ಬುದ್ಧಿ ಬರೂದು ಯಾವಾಗ?"

"ಬುದ್ಧಿ ಬರೂತನಾ ಮಾವಾರು ಉಪಾಸ ಇರಬೇಕೇನ್ರಿ?"

ಸುವರ್ಣಾ ಆ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ಅವಳ ಗಂಡ ಯಲ್ಲಾಲಿಂಗ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಮಹಾರಾಷ್ಟ್ರಕ್ಕೆ ಹೋಗಿದ್ದ. ಮಗನ ಮದುವೆಯಲ್ಲಿ ಶಂಕ್ರೆವ್ವ ಎಡಗೈಯಲ್ಲಿ ಅಕ್ಕಿಕಾಳು ಹಾಕಿದ್ದಳು. ಬೀಗರ ಕಡೆಯ ಮುದುಕಿಯೊಬ್ಬಳು ಅದನ್ನು ನೋಡಿ ಮುಖ ತಿರುವಿದ್ದಳು. ಸುವರ್ಣಾ ಮಾತ್ರ ತಲೆಯ ಮೇಲೆ ಬಿದ್ದ ಆ ಕಾಳನ್ನು ಸಂಜೆಯವರೆಗೂ ಕೊಡವಿಕೊಂಡಿರಲಿಲ್ಲ.

ಎಡಗೈಯ ಈ ಹಟಕ್ಕೆ ಆರೋಗ್ಯ ಕೇಂದ್ರದ ನರ್ಸ್ ನಿಷತ ಕಾರಣ. ಕೈ ಹೋದ ಮೇಲೆ ಊರಲ್ಲಿ ಎಲ್ಲರೂ ಹೆಂಗಾತು, ಯಾವಾಗಾತು ಎಂದು ಕೇಳಿದ್ದರು. ಅದು ಅವರಿಗೆ ಗೊತ್ತಿದ್ದದ್ದೇ. ಯಾವ ಕೆಲಸ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಕೇಳಿದವಳು ಆ ಹುಡುಗಿ ಒಬ್ಬಳೇ. ಮುಂಜಾನೆ ಸಂಜೆ ಬಲಗೈಯಲ್ಲಿ ರೊಟ್ಟಿಯ ಹಿಟ್ಟು ಹಿಚುಕಲು ಹೇಳಿದ್ದಳು, ಎಡಗೈಗೆ ಬಡಿಯುವುದನ್ನು ಕಲಿಸು ಎಂದಿದ್ದಳು. "ಬೆರಳ ಬರಾಂಗಿಲ್ಲವ್ವಾ. ಬಲ ಬರ್ತೈತಿ," ಎಂದಿದ್ದಳು.

ಸುವರ್ಣಾ ಹಿಟ್ಟಿನ ಪರಾತವನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳ ಎರಡೂ ಕೈ ಬಿದ್ದಾಗ ಹಿಟ್ಟು ಹೇಳಿದಂತೆ ಕೇಳುತ್ತಿತ್ತು. ಹಸಿರು ಬಳೆಗಳ ಸದ್ದೂ ಬಡಿತದ ಸದ್ದೂ ಒಂದೇ ತಾಳಕ್ಕೆ ಬರುತ್ತಿದ್ದವು. ಶಂಕ್ರೆವ್ವ ಆ ಕೈಗಳನ್ನೇ ನೋಡುತ್ತ ಕೂತಿದ್ದಾಗ ಗಂಡ ಸೋಮನಿಂಗ ಒಳಗೆ ಬಂದ. ಅವನು ಶ್ರೀಶೈಲಪ್ಪ ಸಾವಕಾರರ ಮನೆಯಲ್ಲಿ ವರ್ಷದ ಸಂಬಳದ ಆಳು. ಬಂದವನು ಗೋಡೆ ನೋಡುತ್ತ ಮಾತಾಡಿದ.

"ನಾಳಿ ಜೋಳದ ರಾಶಿ ಐತಿ. ನಿನ್ನ ಬದಲಿ ಸುವರ್ಣಾಗ ಮಷಿನ್ ಬಾಯಿಗಿ ನಿಂದರಸು ಅಂದಾರ ಸಾವಕಾರ್ರು."

ರೊಟ್ಟಿಯ ಸದ್ದು ನಿಂತಿತು.

"ತಗಡ ಹಾಕ್ಯಾರೇನ?" ಎಂದಳು ಶಂಕ್ರೆವ್ವ.

"ಕೇಳಿಲ್ಲ."

"ಯಾಕ ಕೇಳಿಲ್ಲ?"

"ಕೇಳಾಕ ನನಗ ಬಾಯಿ ಎಲ್ಲೈತಿ."

ಮಷಿನ್ನಿಗೆ ಬಾಯಿ ಇತ್ತು. ಸಾವಕಾರರು ಅದನ್ನು ತಂದಾಗ ಆ ಬಾಯಿಯ ಮೇಲೆ ತಗಡಿನ ಗೂಡೂ ಇತ್ತು, ಮೊಣಕೈಯಷ್ಟು ಉದ್ದದ್ದು. ಜೋಳದ ತೆನೆಯನ್ನು ಆ ಗೂಡಿನೊಳಗೆ ಹಾಕಿದರೆ ಅದು ಜಾರಿಕೊಂಡು ಒಳಗೆ ಹೋಗುತ್ತಿತ್ತು, ಕೈ ಹೊರಗೇ ಉಳಿಯುತ್ತಿತ್ತು. ತೆನೆ ನಡುವೆ ಸಿಕ್ಕಿಕೊಂಡು ರಾಶಿ ತಡವಾಗುತ್ತದೆ ಎಂದು ಸಾವಕಾರರು ಅದನ್ನು ಬಿಚ್ಚಿಸಿದ್ದರು. ಬೋಲ್ಟಿನ ತೂತುಗಳು ಖಾಲಿ ಉಳಿದಿದ್ದವು. ಪ್ರತಿ ವರ್ಷ ಪೂಜೆಯ ದಿನ ಆ ತೂತುಗಳಿಗೇ ದಾರ ಪೋಣಿಸಿ ಲಿಂಬಿಕಾಯಿ, ಮೆಣಸಿನಕಾಯಿ ಕಟ್ಟುತ್ತಿದ್ದರು. ಮಷಿನ್ನಿಗೆ ದೃಷ್ಟಿ ಆಗಬಾರದಲ್ಲ.

ರಾಶಿಯ ಮುಂದೆ ಮಾತಿಗೂ ಮಡಿ. ಕಣದಲ್ಲಿ ಚಪ್ಪಲಿ ಮೆಟ್ಟುವಂತಿಲ್ಲ, "ಇಲ್ಲ" ಅನ್ನುವಂತಿಲ್ಲ, "ಮುಗೀತು" ಅನ್ನುವಂತಿಲ್ಲ. "ಸಾಕು" ಅನ್ನುವುದಂತೂ ಹೆತ್ತ ತಾಯಿಯನ್ನು ಬೈದದ್ದಕ್ಕಿಂತ ಕೆಟ್ಟದ್ದು. ರಾಶಿಯಲ್ಲಿ ಕೂತ ಲಕ್ಷ್ಮಿ ಎದ್ದು ಹೋಗುತ್ತಾಳೆ. ಚೀಲ ತುಂಬಿದರೆ "ಹೆಚ್ಚಾತು" ಅನ್ನಬೇಕು. ಎಣಿಸುವಾಗ "ಒಂದು" ಅನ್ನಬಾರದು. ಮೊದಲ ಚೀಲಕ್ಕೆ "ಲಾಭ" ಅನ್ನಬೇಕು, ಆಮೇಲೆ ಎರಡು, ಮೂರು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ತೆನೆ ತುಳಿಸುವುದು ಹೋಗಿ ಮಷಿನ್ನು ಬಂತು. ಮಾತು ಮಾತ್ರ ಹಾಗೇ ಉಳಿಯಿತು.

ಹಿಂದಿನ ವರ್ಷದ ರಾಶಿಯಲ್ಲಿ ಮಷಿನ್ನಿನ ಬಾಯಿಗೆ ನಿಂತವಳು ಶಂಕ್ರೆವ್ವ. ಪಕ್ಕದಲ್ಲಿ ಬುಟ್ಟಿ ಎತ್ತಿಕೊಡುತ್ತಿದ್ದವಳು ಗುರವ್ವ, ಓರಗೆಯ ಗೆಳತಿ. ಮಧ್ಯಾಹ್ನದ ಬಿಸಿಲಿಗೆ ಇಬ್ಬರ ಕಣ್ಣಲ್ಲೂ ಹೊಟ್ಟಿನ ದೂಳು ತುಂಬಿತ್ತು. ಒಂದು ಹಿಡಿ ತೆನೆ ಗಂಟಾಗಿ ಬಾಯಲ್ಲಿ ನಿಂತಿತು. ಶಂಕ್ರೆವ್ವ ಒತ್ತಿದಳು. ಮಷಿನ್ನು ತೆನೆ ಎಳೆದುಕೊಂಡಿತು, ಅದರ ಹಿಂದೆಯೇ ಕೈ ಎಳೆದುಕೊಂಡಿತು. ಗುರವ್ವ ನೋಡಿದಳು. ಬುಟ್ಟಿ ಒಗೆದು ಕೂಗಿದಳು. ಆದರೆ ಬುದ್ಧಿ ಬಂದಾಗಿನಿಂದ ಕಣದಲ್ಲಿ ಕೂಗಿ ರೂಢಿಯಾದ ಮಾತೊಂದೇ ಅವಳ ಬಾಯಿಗೆ ಬಂತು.

"ಹೆಚ್ಚಾತು, ಹೆಚ್ಚಾತು."

ಶಂಕ್ರೆವ್ವನ ಬಾಯಲ್ಲಿ ಬಂದದ್ದೂ ಅದೇ. ಮಷಿನ್ನನ್ನು ಓಡಿಸುವ ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಡ್ರೈವರ್ ತಬ್ರೇಜ ಚೀಲ ತುಂಬಿತು ಅಂದುಕೊಂಡು ಆಗಲಿ ಎಂದು ಕೈ ಎತ್ತಿದ, ಎಕ್ಸಿಲರೇಟರ್ ಇನ್ನಷ್ಟು ಕೊಟ್ಟ.

ಆ ಜೋಳವನ್ನು ಏನು ಮಾಡಿದರು ಎಂದು ಶಂಕ್ರೆವ್ವ ಆಮೇಲೊಮ್ಮೆ ಗುರವ್ವನನ್ನು ಕೇಳಿದ್ದಳು. ಕೆಂಪಾದದ್ದನ್ನು ಒಂದು ಬುಟ್ಟಿಯಷ್ಟು ಬಳಿದು ಹೊರಗೆ ಚೆಲ್ಲಿದರಂತೆ. ಉಳಿದದ್ದು ಪೇಟೆಗೆ ಹೋಯಿತಂತೆ.

ಸಾವಕಾರರು ಆವತ್ತು ತಮ್ಮ ಜೀಪಿನಲ್ಲೇ ದವಾಖಾನೆಗೆ ಒಯ್ದರು. ಮೋರಟಗಿ ಊರು ದಾಟುವಾಗ ಹಿಂದೆ ತಿರುಗಿ, ಮನೆಯಲ್ಲಿ ಕಣಿಕೆ ಕತ್ತರಿಸುವ ಮಷಿನ್ನಿಗೆ ಕೈ ಕೊಟ್ಟೆ ಅಂತ ಹೇಳು, ಇಲ್ಲಾಂದರೆ ಪೊಲೀಸ್ ಕೇಸಾಗಿ ಡಾಕ್ಟರು ಮುಟ್ಟುವುದಿಲ್ಲ ಎಂದರು. ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ ಶಂಕ್ರೆವ್ವ ತಲೆ ಅಲ್ಲಾಡಿಸಿದಳು. ಹಾಗಾಗಿ ಸರಕಾರದ ಲೆಕ್ಕದಲ್ಲಿ ಅವಳ ಕೈ ಅವಳ ಮನೆಯಲ್ಲೇ ಹೋಯಿತು. ಆ ಮನೆಯಲ್ಲಿ ಕಣಿಕೆ ಕತ್ತರಿಸುವ ಮಷಿನ್ನೂ ಇಲ್ಲ, ಕಣಿಕೆ ತಿನ್ನುವ ದನವೂ ಇಲ್ಲ.

ಗಾಯ ಮಾಯ್ದ ಮೇಲೆ, ಏನಾದರೂ ನೆರವು ಸಿಗುತ್ತದೆ ಎಂದು ಯಾರೋ ಹೇಳಿದರೆಂದು ಗಂಡ ಹೆಂಡತಿ ಬಸ್ಸು ಹತ್ತಿ ಒಂದು ಆಫೀಸಿಗೂ ಹೋಗಿ ಬಂದರು. ಸಂಜೆಯವರೆಗೆ ವರಾಂಡದಲ್ಲಿ ಕೂರಿಸಿ ಆಮೇಲೆ ಒಳಗೆ ಕರೆದ ಕಾರಕೂನ ಕೈ ಎತ್ತು ಎಂದ. ಎತ್ತಿದಳು. ತಿರುಗಿಸು ಎಂದ. ತಿರುಗಿಸಿದಳು. ಪಕ್ಕದ ಟೇಬಲ್ಲಿನವನನ್ನೂ ಕರೆದು ತೋರಿಸಿದ.

"ಹೆಬ್ಬಟ್ಟ ಉಳದೈತಲ್ಲ ಮತ್ತ? ನೀವೇನ ಸಹಿ ಮಾಡೂ ಮಂದಿ ಅಲ್ಲ. ಅದೊಂದಿದ್ರ ಸಾಕ ನಿಮಗ," ಎಂದ. ಇಬ್ಬರೂ ನಕ್ಕರು. ಸೋಮನಿಂಗ ಕೂಡ ಭಯಕ್ಕೆ ಸ್ವಲ್ಪ ನಕ್ಕ.

ಸಾಕು ಎನ್ನುವ ಮಾತು ಅವನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು ಎಂದು ಶಂಕ್ರೆವ್ವ ವಾಪಸು ಬರುವಾಗ ಬಸ್ಸಿನಲ್ಲಿ ಯೋಚಿಸಿದ್ದಳು.

ಈಗ ಹರಿದ ರೊಟ್ಟಿಯನ್ನೇ ಎರಡು ತುತ್ತು ತಿಂದು, ಸೆರಗಿಗೆ ಕೈ ಒರೆಸಿಕೊಂಡು, ಸಾವಕಾರರ ಮನೆಗೆ ನಡೆದಳು. ಅಂಗಳಕ್ಕೆ ಕಾಲಿಟ್ಟ ಕೂಡಲೇ ತಗಡಿನ ಗೂಡು ಕಂಡಿತು. ಒಂದು ಬಾಯಿಗೆ ತುಂಡು ಹಲಗೆ ಬಡಿದು, ಕರುವಿನ ಮುಂದೆ ನೆಟ್ಟಗೆ ನಿಲ್ಲಿಸಿ ನೀರು ತುಂಬಿದ್ದರು. ಕರು ನೆಕ್ಕಿ ನೆಕ್ಕಿ ಅದರ ಅಂಚು ಥಳಥಳ ಅನ್ನುತ್ತಿತ್ತು.

ಸಾವಕಾರರು ಕಟ್ಟೆಯ ಮೇಲೆ ಕೂತು ಮೊಬೈಲ್ ನೋಡುತ್ತಿದ್ದರು. ಅವಳು ಮೆಟ್ಟಿಲ ಕೆಳಗೇ ನಿಂತಳು.

"ಯಪ್ಪಾ, ನಾಳಿ ಸುವರ್ಣಾ ಬರ್ತಾಳ್ರಿ. ಅದೊಂದ ತಗಡ ಹಾಕಸ್ರಿ."

"ಯಾವ ತಗಡ?"

"ಅದಾ ರಿ. ಕರ ನೀರ ಕುಡ್ಯಾಕತ್ತೈತಲ್ಲ."

"ಅದ ಹಾಕಿದ್ರ ನನ್ನ ರಾಶಿ ಯುಗಾದಿತನಾ ನಡೀತೈತಿ. ಮಷಿನ್ ಏನ ನಿನ್ನ ಕೈ ಬೇಡಿತ್ತೇನ? ಎಲ್ಲೋ ನೋಡ್ಕೋತ ಕೊಟ್ಟಿ, ಅದು ತಿಂತು."

"ಕರಕ್ಕ ಬ್ಯಾರೆ ಏನರ ಇಡ್ರಿ. ಮತ್ತ ನನಗೂ ಒಂದ ಕೆಲಸ ಹೇಳ್ರಿ. ಕಣ ಬಳೀತೇನಿ, ನೀರ ಕೊಡ್ತೇನಿ."

ಸಾವಕಾರರು ಮೊಬೈಲ್ ಕೆಳಗಿಟ್ಟರು.

"ಊನ ಆದ ಹೆಂಗಸು ರಾಶಿ ಮೆಟ್ಟಬಾರದು, ಅಷ್ಟೂ ತಿಳೀದಿಲ್ಲೇನ ನಿನಗ? ಏ ಶಂಕ್ರಿ, ಕೈ ಗಿಡ್ಡಾದಂಗ ನಾಲಿಗಿ ಉದ್ದ ಆಗಾಕತ್ತೈತಿ. ದವಾಖಾನಿಗಿ ಒಯ್ದೇನಿ. ನಿನ್ನ ಗಂಡಗ ಸಂಬಳಕ್ಕ ಇಟಗೊಂಡೇನಿ. ಇನ್ನೇನ ನಿನ್ನ ಮೊಂಡಗೈ ನೆಕ್ಕಲೇನ? ಸಾಕ, ನಡಿ."

ಮತ್ತೆ ಅದೇ ಮಾತು. ಅವಳು ನಡೆದಳು.

ಬೇಲಿಯ ಆಚೆ ತಬ್ರೇಜ ಟ್ರ್ಯಾಕ್ಟರ್ ತೊಳೆಯುತ್ತಿದ್ದ. ಅವಳನ್ನು ಕಂಡರೆ ಅವನು ಕಣ್ಣು ತಪ್ಪಿಸುವುದು ರೂಢಿ. ಈ ಸಲ ಅವಳೇ ಎದುರು ನಿಂತಳು. ತಗಡು ನೀನೇ ಹಾಕು ಎಂದರೆ, ಹಾಕಿದರೆ ನಾಳೆಯಿಂದ ನಾ ಎಲ್ಲಿಗೆ ಹೋಗಲಿ ಎಂದ. ಅವಳು ಆವತ್ತು ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದಳು. ವರ್ಷದಿಂದ ಯಾರೂ ಕೇಳದ ಪ್ರಶ್ನೆ ಅದು. ತಬ್ರೇಜನಿಗೆ ಸಿಟ್ಟೇ ಬಂತು.

"ಹೆಚ್ಚಾತು ಅಂದ್ರ ನಿಂದರಸೂದು ಅಂತ ನನಗ ಹೆಂಗ ತಿಳೀಬೇಕಕ್ಕಾ? ಒಬ್ರರ ಸಾಕು ಅಂದಿದ್ರ ಅಲ್ಲೇ ಬಂದ್ ಮಾಡ್ತಿದ್ದೆ."

"ರಾಶಿ ಮುಂದ ಹೆಂಗ ಅನ್ನೂದು?"

"ಹಂಗಾರ ಬಿಡ್ರಿ."

ಅವಳು ಗಾಲಿಯ ಹತ್ತಿರ ಸರಿದಳು. "ನಾಳಿ ನಾ ಆ ಮಾತ ಅಂದ್ರ, ನಿಂದರಸ್ತೀಯೇನ?"

ತಬ್ರೇಜ ಬಕೆಟ್ಟಿನ ನೀರನ್ನು ಗಾಲಿಯ ಮೇಲೆ ಸುರಿದ. "ಸಾವಕಾರ್ರು ಬೈದ್ರ, ನಾ ಸಾಬ, ನಿಮ್ಮ ಶಾಸ್ತ್ರ ನನಗೇನ ಗೊತ್ತು ಅಂತೇನಿ," ಎಂದ. ರಾಶಿಯ ಶಾಸ್ತ್ರ ಅವನಿಗೆ ಊರಿನ ಪೂಜಾರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಅಜ್ಜ ಆಯುಷ್ಯವೆಲ್ಲ ಇದೇ ಕಣದಲ್ಲಿ ರಾಶಿ ಅಳೆದವನು.

ಮರುದಿನ ಕಣ ಬಳಿದು, ಸಗಣಿಯ ಬೆನಕನನ್ನು ಇಟ್ಟು ಕಾಯಿ ಒಡೆದರು. ಬೋಲ್ಟಿನ ತೂತುಗಳಿಗೆ ಹೊಸ ಲಿಂಬಿಕಾಯಿ ಬಂತು. ಬಳೆ ತೆಗೆದಿಟ್ಟು ಬಾ ಎಂದು ಶಂಕ್ರೆವ್ವ ಮನೆಯಲ್ಲೇ ಸೊಸೆಗೆ ಹೇಳಿದ್ದಳು. ಹೊಸ ಮದುಮಗಳು ಬರಿಗೈಲಿ ರಾಶಿಗೆ ಬರಬಾರದು ಎಂದು ಸಾವಕಾರರ ಮನೆಯಿಂದ ಹೇಳಿ ಕಳಿಸಿದ್ದರು. ಸುವರ್ಣಾ ಬಳೆಯ ಮೇಲೆ ಅರಿವೆ ಸುತ್ತಿಕೊಂಡು ನಿಂತಳು. ಗುರವ್ವ ಬುಟ್ಟಿ ಎತ್ತಿಕೊಟ್ಟಳು. ಶಂಕ್ರೆವ್ವ ಕಣದ ಹೊರಗೆ ಜಾಲಿಯ ನೆರಳಿನಲ್ಲಿ ಕೂತಳು. ಅಲ್ಲಿ ಕೂತರೆ ಯಾರ ಶಾಸ್ತ್ರವೂ ಕೆಡುವುದಿಲ್ಲ.

ಮಷಿನ್ನು ಚಾಲೂ ಆಯಿತು. ಹೊಟ್ಟಿನ ದೂಳು ಎದ್ದಿತು. ಜೋಳ ಬಿಳಿಯ ಧಾರೆಯಾಗಿ ಕಣಕ್ಕೆ ಬಿದ್ದು ಗುಡ್ಡೆಯಾಗತೊಡಗಿತು. "ಲೇ, ಕೈ ಜೋರ ಹಾಕ, ಗಂಡನ ಮಗ್ಗಲಾಗ ಮಲಗಿಲ್ಲ ನೀ," ಎಂದು ಸಾವಕಾರರು ಕೂಗಿದರು. ಸುವರ್ಣಾ ಕೈ ಜೋರು ಮಾಡಿದಳು. ಬಳೆಗೆ ಸುತ್ತಿದ ಅರಿವೆಯ ಚುಂಗು ಬಿಚ್ಚಿ ಇಳಿಬಿದ್ದಿತ್ತು. ಅದು ಅವಳಿಗೆ ಕಾಣಲಿಲ್ಲ. ಬಾಯಲ್ಲಿ ತೆನೆ ಗಂಟಾಗಿ ನಿಂತಿತು. ಅವಳು ಅಂಗೈ ಮುಂದೆ ಮಾಡಿದಳು.

ಶಂಕ್ರೆವ್ವ ಎದ್ದು ಕಣದೊಳಗೆ ಬಂದಳು. ಜಾಲಿಯ ಕೆಳಗಿಂದ ಕೂಗಿದರೆ ಆ ಸದ್ದಿನಲ್ಲಿ ಕೇಳಿಸದು ಎಂದು ಅವಳಿಗೆ ಗೊತ್ತಿತ್ತು. ಟ್ರ್ಯಾಕ್ಟರಿನ ಎದುರು ನಿಂತು, ತುಟಿ ಕಾಣುವ ಹಾಗೆ ಹೇಳಿದಳು. ತಬ್ರೇಜ ನೋಡಿದ. ಕೀಲಿ ತಿರುವಿದ.

ಮಷಿನ್ನು ಗೊರಗುಟ್ಟಿ ನಿಂತಿತು. ಆ ಮೌನದಲ್ಲಿ ಅವಳು ಇನ್ನೊಮ್ಮೆ ಅಂದಳು. ಈಗ ಎಲ್ಲರಿಗೂ ಕೇಳಿಸಿತು.

"ಸಾಕು."

ಸುವರ್ಣಾ ಕೈ ಹಿಂದಕ್ಕೆ ತೆಗೆದುಕೊಂಡು, ಜೋತುಬಿದ್ದ ಅರಿವೆಯನ್ನು ಆಗ ನೋಡಿದಳು.

"ಏನಂದ್ಯಲೇ ರಂಡೆ?" ಸಾವಕಾರರು ಎದ್ದು ಬಂದರು.

"ಸಾಕಂದ್ನಿ. ತಗಡ ಹಾಕಸ್ರಿ."

"ಚಾಲೂ ಮಾಡೋ ಭಾಡ್ಯಾ."

ತಬ್ರೇಜ ಸ್ಟೇರಿಂಗ್ ನೋಡುತ್ತ ಹೇಳಿದ. "ಸಾಕು ಅಂದ್ರಲ್ರಿ. ನಾ ಸಾಬ, ನನಗೇನ ತಿಳೀತೈತ್ರಿ ನಿಮ್ಮ ಶಾಸ್ತ್ರ."

ಗುರವ್ವ ಬುಟ್ಟಿ ಕೆಳಗಿಟ್ಟಳು. ಅದನ್ನು ಬೋರಲು ಹಾಕಿ ಮೇಲೆ ಕೂತಳು. ಸಾವಕಾರರು ಸೋಮನಿಂಗನಿಗೆ, ನಿನ್ನ ಹೇಂತಿಯ ಜುಟ್ಟು ಹಿಡಿದು ಹೊರಗೆ ಎಳಿ, ಇಲ್ಲಾಂದರೆ ನಾಳೆಯಿಂದ ನಮ್ಮ ಬಾಗಿಲಿಗೆ ಬರಬೇಡ ಎಂದರು. ಸೋಮನಿಂಗ ಬಂದ. ಹೆಂಡತಿಯ ಹತ್ತಿರ ನಿಂತ. ಅವಳನ್ನು ನೋಡಿದ, ಸೊಸೆಯ ಕೈ ನೋಡಿದ. ತಲೆಗೆ ಸುತ್ತಿದ ಟಾವೆಲ್ ಬಿಚ್ಚಿ, ಮುಖ ಒರೆಸಿಕೊಂಡು ಅಲ್ಲೇ ಕೂತ.

"ಆಕಿ ನನ್ನ ಮಾತ ಕೇಳಾಂಗಿಲ್ರಿ," ಎಂದ.

"ಹಾಳಾತು ನನ್ನ ರಾಶಿ," ಸಾವಕಾರರು ಚೀರಿದರು. "ನನ್ನ ಲಕ್ಷ್ಮೀನ ಹೊರಗ ಹಾಕಿದಿ. ಅಂಥಾದ್ದೇನ ಕಳಕೊಂಡಿ ನೀ? ಹೇಳ, ಮಂದಿ ಮುಂದ ಹೇಳ. ಏನ ಕಳಕೊಂಡಿ?"

ಶಂಕ್ರೆವ್ವ ರಾಶಿಯ ಮುಂದೆ ಕೂತಳು. ಬಲಗೈಯನ್ನು ಬಿಸಿ ಆರದ ಜೋಳದ ಮೇಲೆ ಚಾಚಿ ಇಟ್ಟಳು. ಹೆಬ್ಬೆರಳು ಒಂದು ಕಡೆ ಬಿದ್ದಿತ್ತು. ಉಳಿದ ಬೆರಳು ಇರಬೇಕಾದಲ್ಲಿ ಬರೀ ಕಾಳು ಕಾಣುತ್ತಿತ್ತು. ಎಡಗೈಯ ಬೆರಳಿನಿಂದ ಖಾಲಿ ಜಾಗವನ್ನು ಒಂದೊಂದಾಗಿ ಒತ್ತುತ್ತ, ಚೀಲ ಎಣಿಸುವವರ ದನಿಯಲ್ಲಿ ಎಣಿಸಿದಳು.

"ಲಾಭ."

"ಎರಡ."

"ಮೂರ."

"ನಾಕ."